ಹಾಸುಗಾಳಿಯ ದಿನ ಬಿದ್ದ ಮಾತು

"ಹಿಂಗಲ್ರೀ ಮಾಸ್ತರ್ರ. ನಮ್ಮಣ್ಣ ಬೈದ್ರ ಓಣ್ಯಾಗಿನ ನಾಯಿ ಎದ್ದು ಕುಂಡ್ರಬೇಕು. ನೀವು ಬೈಯೂದು ಕೇಳಿದ್ರ ನನಗ ನಿದ್ದಿ ಬರಾಕತ್ತೇತಿ. ಇನ್ನೊಮ್ಮೆ ಬೈರಿ" ಎಂದಳು ಖಾನಾವಳಿಯ ಕಸ್ತೂರೆವ್ವ, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಡ್ರಾಯಿಂಗ್ ಮಾಸ್ತರ ಗುರುಪಾದಪ್ಪನವರು ಅತ್ತಿತ್ತ ನೋಡಿದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ, "ಏ ಕಸ್ತೂರೀ! ಮೆಣಸಿನಕಾಯಿ ಕಳಸಂದ್ರ ಬರೇ ತೊಟ್ಟು ಕಳಸೀಯೇನ? ತಲಿಯಾಗ ಏನೈತಿ ನಿನಗ, ಕತ್ತೆ!" ಎಂದು ಕೂಗಿದರು. ಕೂಗಿದ ತಕ್ಷಣ ಕಣ್ಣು ತೆರೆದು, "ಕತ್ತೆ ಅನ್ನೂದು ಅವರದ್ರೀ ತಾಯಿ, ನಂದಲ್ಲ" ಎಂದು ಮೆಲ್ಲಗೆ ಸೇರಿಸಿದರು.

"ಈಗ ಬರೋಬ್ಬರಿ ಆತು" ಎಂದಳು ಕಸ್ತೂರೆವ್ವ. "ಬರ್ರಿ, ಚಾ ಕುಡೀರಿ."

ಇದೆಲ್ಲ ನಾನು ಎದುರಿನ ನನ್ನ ಟೇಲರಿಂಗ್ ಅಂಗಡಿಯಲ್ಲಿ ಕೂತು, ಬ್ಲೌಸಿನ ತೋಳಿಗೆ ಕೈಹೊಲಿಗೆ ಹಾಕುತ್ತಾ ನೋಡಿದ್ದು. ನಮ್ಮ ಊರಿಗೆ ಹೊಸದಾಗಿ ಬಂದವರು ಇಂಥದ್ದನ್ನು ಕಂಡರೆ ಬೆಚ್ಚಿ ಬೀಳುತ್ತಾರೆ. ನಮಗೆ ಇದು ಹಾಲು ಹಾಕಿಸಿಕೊಂಡಷ್ಟೇ ಸಹಜ.

ನಮ್ಮ ಊರು ದೊಡ್ಡ ನೀರಿನ ದಂಡೆಯಲ್ಲಿದೆ. ಹಿಂದೆ ಒಂದು ಗುಡ್ಡ, ಗುಡ್ಡದ ಮೇಲೆ ಟವರ್, ಟವರಿನ ನೆತ್ತಿಯಲ್ಲಿ ರೊಟ್ಟಿ ಬುಟ್ಟಿಯಷ್ಟು ದೊಡ್ಡ ತಟ್ಟೆ. ನೀರಿನ ಆಚೆ ದಂಡೆಯಲ್ಲೂ ಇಂಥದ್ದೇ ಇನ್ನೊಂದು ಟವರ್. ಎರಡೂ ತಟ್ಟೆಗಳು ಮುಖಕ್ಕೆ ಮುಖ ಕೊಟ್ಟು ನಿಂತಿವೆ. ನಮ್ಮ ಫೋನಿನ ಮಾತೆಲ್ಲ ಅವುಗಳ ನಡುವೆ, ನೀರಿನ ಮೇಲೆ ಹಾದು ಹೋಗಬೇಕು. ಗಾಳಿ ಚೆನ್ನಾಗಿ ಬೀಸುವ ದಿನ ಏನೂ ತೊಂದರೆಯಿಲ್ಲ. ಆದರೆ ಕೆಲವು ದಿನ ಎರೆಬಯಲಿನ ಕಡೆಯಿಂದ ಬಿಸಿಗಾಳಿ ಬಂದು, ನೀರಿನ ಮೇಲಿನ ತಂಪುಗಾಳಿಗೆ ಕೌದಿ ಹೊದಿಸಿದ ಹಾಗೆ ಮಲಗಿಬಿಡುತ್ತದೆ. ಅದಕ್ಕೆ ನಾವು ಹಾಸುಗಾಳಿ ಅನ್ನುತ್ತೇವೆ. ಅಂಥ ದಿನ ಇಟ್ಟಂಗಿ ಭಟ್ಟಿಯ ಹೊಗೆ ಮೇಲೆ ಹೋಗದೆ, ಯಾರೋ ಇಸ್ತ್ರಿ ಮಾಡಿದಂತೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಆಚೆ ದಂಡೆಯ ಗುಡ್ಡ ನೀರಿನಿಂದ ಒಂದಾಳು ಎತ್ತರ ಎದ್ದು ನಿಂತಂತೆ ಕಾಣುತ್ತದೆ. ಆ ದಿನ ಫೋನಿನಲ್ಲಿ ಆಡಿದ ಮಾತು ಹೋಗಬೇಕಾದವರಿಗೆ ಹೋಗುವುದಿಲ್ಲ. ದಾರಿಯಲ್ಲಿ ಬಾಗಿ, ಊರಿನ ಇನ್ಯಾರದೋ ಫೋನಿಗೆ ಬೀಳುತ್ತದೆ. ನಂಬರ್ ನೋಡಿದರೆ ಸಾಲಾಗಿ ಸೊನ್ನೆ.

ಬಿದ್ದ ಮಾತನ್ನು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಎತ್ತಿಕೊಂಡು ಹೋಗಿ, ಅದು ಯಾರದೋ ಅವರಿಗೆ ಮುಟ್ಟಿಸಬೇಕು. ಅದೂ ದನಿ ಸಮೇತ. ಅತ್ತ ಮಾತನ್ನು ಅತ್ತು ಹೇಳಬೇಕು, ಬೈದದ್ದನ್ನು ಬೈದೇ ಹೇಳಬೇಕು. ಸಂಜೆಯವರೆಗೂ ಯಜಮಾನ ಸಿಗದಿದ್ದರೆ ದೋಣಿಕಟ್ಟೆಗೆ ಹೋಗಿ, ನೀರಿಗೆ ಮುಖ ಮಾಡಿ ಒಮ್ಮೆ ಹೇಳಿ ಬಿಟ್ಟುಬಿಡಬೇಕು. ನೀರಿಗೆ ಬಿಟ್ಟ ಮಾತು ಆಮೇಲೆ ಯಾರದ್ದೂ ಅಲ್ಲ.

ಒಮ್ಮೆ ಕಂಪನಿಯಿಂದ ಒಬ್ಬರು ಇಂಜಿನಿಯರ್ ಬಂದಿದ್ದರು, ತೆಂಕಣದ ಕಡೆಯವರು. ಎರಡು ದಿನ ಗುಡ್ಡ ಹತ್ತಿ ಇಳಿದು, "ಮೇಲೆ ಬಿಸಿ, ಕೆಳಗೆ ತಂಪು ಇದ್ದಾಗ ತರಂಗ ನೇರ ಹೋಗಲ್ಲಮ್ಮ, ಬಾಗುತ್ತೆ. ಒಂದಷ್ಟು ನೀರಿಗೆ ಬಡಿದು ಪುಟಿದು ಬರುತ್ತೆ. ನೇರ ಬಂದಿದ್ದೂ ಪುಟಿದಿದ್ದೂ ಒಂದನ್ನೊಂದು ತಿಂದ್ಕೊಳ್ಳುತ್ತೆ" ಎಂದರು. "ಬಾಗಿದ್ದು ಯಾರ ಮನ್ಯಾಗ ಬೀಳ್ತೇತ್ರಿ?" ಎಂದು ನಾನು ಕೇಳಿದೆ. "ಯಾರ ಮನೇಲೂ ಬೀಳಬಾರದು. ಪುಸ್ತಕದಲ್ಲಿ ಹಾಗೆಲ್ಲ ಇಲ್ಲ" ಎಂದರು. ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಪ್ರಭಯ್ಯ ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದು, ಅವರ ಮುಂದೆ ನಿಂತು, ತೆಳ್ಳನೆಯ ದನಿಯಲ್ಲಿ, "ರೀ, ಬನಿಯನ್ ಬದಲಾಯಿಸಿದ್ರಾ? ನಿನ್ನೆದೇ ಹಾಕ್ಕೊಂಡಿದ್ದೀರಾ?" ಎಂದು ಕೇಳಿದ. ಇಂಜಿನಿಯರ್ ಸಾಹೇಬರು ಮುಂದಿನ ಬಸ್ಸಿಗೇ ಹೊರಟುಹೋದರು.

ಇರಲಿ, ಗುರುಪಾದಪ್ಪ ಮಾಸ್ತರರ ವಿಷಯಕ್ಕೆ ಬರುತ್ತೇನೆ. ಐವತ್ತರ ಆಸುಪಾಸಿನ ಮನುಷ್ಯ. ದಟ್ಟ ಮೀಸೆ, ಆ ಮೀಸೆಗೆ ಸಲ್ಲದ ಸಣ್ಣ ದನಿ. ಲಗ್ನವಾಗಿಲ್ಲ. ಯಾಕ್ರಿ ಎಂದರೆ, "ಅದೊಂದು ಉಳದುಬಿಡ್ತರಿ" ಎನ್ನುತ್ತಿದ್ದರು, ಪೇಟೆಯಿಂದ ಸೋಪು ತರುವುದನ್ನು ಮರೆತವರ ಹಾಗೆ. ಹೋದ ತಿಂಗಳು ಆಚೆ ದಂಡೆಯ ಅಂಗನವಾಡಿಯ ಗೋಡೆಗೆ ಚಿತ್ರ ಬರೆಯಲು ಹೋದರು. ಅಲ್ಲಿಯ ಟೀಚರ್ ಚಂಪಾಬಾಯಿ, ಗಂಡನನ್ನು ಕಳೆದುಕೊಂಡು ಒಬ್ಬಳೇ ಇರುವಾಕೆ, ಮಧ್ಯಾಹ್ನದ ಊಟ ಹಾಕುತ್ತಿದ್ದಳು. ಮಾಸ್ತರರ ಗೋಡೆ ಮುಗಿಯಲೇ ಇಲ್ಲ. ಆನೆಯ ಕಾಲಿಗೆ ಉಗುರು ಬರೆದರು, ಉಗುರಿಗೆ ಹೊಳಪು ಬರೆದರು. ಇನ್ನು ಬರೆಯಲು ಜಾಗವೇ ಇಲ್ಲ ಅಂದಾಗ ಊರಿಗೆ ಬಂದು, ಒಳ್ಳೆಯ ಗಾಳಿಯ ದಿನ ನೋಡಿ, ನನ್ನ ಅಂಗಡಿಯಲ್ಲೇ ಕೂತು ಫೋನ್ ಮಾಡಿದರು. "ಬಾಯಾರ, ಗೋಡಿ ಸಲುವಾಗಿ ಅಲ್ರೀ. ಲಗ್ನದ ಸಲುವಾಗಿ" ಎಂದರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಆಗಲಿಲ್ಲ. ಆಕೆ, "ವಿಚಾರ ಮಾಡಿ ನಾನ ಫೋನ್ ಮಾಡ್ತೀನ್ರಿ" ಎಂದಳು. ಅಂದಿನಿಂದ ಮಾಸ್ತರರು ಕ್ಲಾಸಿನಲ್ಲೂ ಫೋನನ್ನು ಬಣ್ಣದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ಇದು ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆ ದಿನ ಕಸ್ತೂರೆವ್ವನ ಚಹಾ ಕುಡಿದು ಮಾಸ್ತರರು ಹೊಸ ಅಂಗಿಯ ಅಳತೆ ನೋಡಲು ನನ್ನ ಅಂಗಡಿಗೆ ಬಂದರು. ಒಂದು ತೋಳು ಹಾಕಿದ್ದರು, ಇನ್ನೊಂದು ಹಾಕಬೇಕು, ಅಷ್ಟರಲ್ಲಿ ಅವರ ಫೋನ್ ರಿಂಗಣಿಸಿತು. ನೋಡಿದರೆ ಸಾಲು ಸೊನ್ನೆ. "ಮತ್ತೊಂದು ಬಿತ್ತಲ್ರೀ ಅಕ್ಕಾರ" ಎಂದು ಅದನ್ನು ಕತ್ತರಿ ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವ ಹಾಗೆ ಮಾಡಿದರು.

ಹೆಂಗಸಿನ ದನಿ. ಹಾಸುಗಾಳಿಯ ದಿನ ದನಿಯಿಂದ ಗುರುತು ಹಿಡಿಯಲು ಬರುವುದಿಲ್ಲ. ಯಾರನ್ನೋ ಬಾವಿಯ ಕೊಡದಲ್ಲಿ ಕೂರಿಸಿ ಇಳಿಸಿ ಎಳೆದ ಹಾಗೆ ಉಬ್ಬುತ್ತದೆ, ತಗ್ಗುತ್ತದೆ. ಎಲ್ಲ ಹೆಂಗಸರೂ ಒಬ್ಬಳೇ ಹೆಂಗಸು, ಎಲ್ಲ ಗಂಡಸರೂ ಒಬ್ಬನೇ ಗಂಡಸು.

"ಆಗ್ಲಿ, ನನ್ನ ಒಪ್ಪಿಗಿ ಐತಿ" ಎಂದಿತು ದನಿ. "ಇವತ್ತ ಕಡೀ ದೋಣಿಗೆ ಬಂದುಬಿಡ್ರಿ. ನಾಳೆ ಮುಂಜಾನೆ ನಮ್ಮಣ್ಣ ಬ್ಯಾರೆ ಕಡೆ ಮಾತು ಕೊಡಾಕ ನಿಂತಾನ. ನೀವು ಇವತ್ತ ಬರ್ಲಿಲ್ಲಂದ್ರ ನಿಮಗ ಬ್ಯಾಡಂತ ತಿಳಕೋತೀನಿ. ಮತ್ತ, ಊಟಕ್ಕ ಕುಂತಾಗ ಹಾಡ್ತೀರಲ್ಲ, ಅದೊಂದು ಬಿಡಬ್ಯಾಡ್ರಿ." ಅಷ್ಟೇ. ದನಿ ತಗ್ಗಿತು, ಮತ್ತೆ ಮೇಲೆ ಬರಲಿಲ್ಲ.

ನಾನು ಸೂಜಿ ಕೆಳಗಿಟ್ಟೆ. "ಮಾಸ್ತರ್ರ, ಇದು ನಿಮ್ಮದ ಯಾಕ ಇರಬಾರ್ದು?"

ಒಂದು ಕ್ಷಣ ಅವರ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳಗಿತು. ಆಮೇಲೆ ಬಾಗಿಲಿನಿಂದ ಹೊರಗೆ ನೋಡಿದರು. ಭಟ್ಟಿಯ ಹೊಗೆ ಊರ ಮೇಲೆ ಚಾಪೆ ಹಾಸಿತ್ತು. "ಹೊಗಿ ನೋಡ್ರಿ ಅಕ್ಕಾರ. ಇಂಥಾ ದಿನ ತನ್ನ ಮಾತು ತನಗ ಬಂದದ್ದು ಯಾರರ ಕಂಡೀರೇನು? ಮತ್ತ ನಾನು ಊಟದಾಗ ಹಾಡೂದಿಲ್ಲ. ನಮ್ಮಪ್ಪ ಊಟದಾಗ ಕೆಮ್ಮಿದ್ರ ಎಬ್ಬಿಸಿ ಹೊರಗ ನಿಲ್ಲಸ್ತಿದ್ದ."

ಅದೂ ನಿಜವೇ ಅನ್ನಿಸಿತು. ನಾನು ಅವರು ಊಟ ಮಾಡಿದ್ದನ್ನು ನೋಡಿದವಳಲ್ಲ. ಮೇಲಾಗಿ ನಮ್ಮ ಊರಿನಲ್ಲಿ ತನ್ನದಲ್ಲದ ಮಾತನ್ನು ತನ್ನದೆಂದು ಇಟ್ಟುಕೊಂಡವನನ್ನು ಮಾತುಗಳ್ಳ ಅನ್ನುತ್ತಾರೆ. ಅಂಥವನಿಗೆ ಆಮೇಲೆ ಯಾರೂ ಮಾತು ಮುಟ್ಟಿಸುವುದಿಲ್ಲ. ವಿರೂಪಾಕ್ಷಿ ಎಂಬುವನು ಒಮ್ಮೆ ಯಾರದೋ ಊಟದ ಕರೆಯನ್ನು ತನ್ನದೇ ಎಂದು ಹೊತ್ತುಕೊಂಡು, ಗರಿಗರಿ ಧೋತರ ಉಟ್ಟು, ಅತ್ತರು ಹಚ್ಚಿಕೊಂಡು ಹೋಗಿ ನೋಡಿದರೆ ತಿಥಿಯ ಊಟ. ಇವತ್ತಿಗೂ ಅವನನ್ನು ಕಂಡರೆ ಜನ ಮೂಗು ಏರಿಸಿ ಅತ್ತರಿನ ವಾಸನೆ ನೋಡುತ್ತಾರೆ.

"ಯಾರೋ ಒಬ್ಬವ ಫೋನ್ ಹಿಡ್ಕೊಂಡು ಕುಂತಾನ್ರಿ, ನನ್ನಂಗ" ಎಂದರು ಮಾಸ್ತರರು, ಅಂಗಿ ಬಿಚ್ಚುತ್ತಾ. "ಕಡೀ ದೋಣಿ ಹೋಗೂದರೊಳಗ ಅವನಿಗೆ ಮುಟ್ಟಬೇಕು. ನೀವೂ ಬರ್ರಿ. ಹೆಂಗಸೂರ ಮಾತು, ನಾ ಒಬ್ಬನ ಹೇಳಿದ್ರ ಜನಾ ಏನ್ ತಿಳಕೋತಾರ."

ಅಂಗಡಿಗೆ ಚಿಲಕ ಹಾಕಿ ಹೊರಟೆ. ಮೊದಲು ಪ್ರಭಯ್ಯನ ಗಿರಣಿ, ಯಾಕೆಂದರೆ ಅವನ ಮಗನಿಗೆ ಆಚೆ ದಂಡೆಯಲ್ಲಿ ಹೆಣ್ಣು ನೋಡಿದ್ದರು. ಗಿರಣಿ ನಿಲ್ಲಿಸಿ ಪ್ರಭಯ್ಯ ಹೊರಗೆ ಬಂದ. ಮಾಸ್ತರರು ಅವನೆದುರು ನಿಂತು, ಮೀಸೆಯ ಕೆಳಗಿನಿಂದ, ಉಬ್ಬಿಸಿ ತಗ್ಗಿಸಿ, "ಆಗ್ಲೀ... ನನ್ನ ಒಪ್ಪಿಗೀ ಐತಿ..." ಎಂದು ಶುರು ಮಾಡಿದರು. ಬೀಸಲು ಬಂದಿದ್ದ ಹೆಂಗಸರು ಡಬ್ಬಿಗಳನ್ನು ಕೆಳಗಿಟ್ಟು ಕೂತೇಬಿಟ್ಟರು. ಹಾಡಿನ ಮಾತು ಬರುತ್ತಲೇ ಪ್ರಭಯ್ಯ ಕೈ ಅಲ್ಲಾಡಿಸಿದ. "ನಮ್ಮವ ಊಟದಾಗ ಹಾಡೂದಿಲ್ರಿ. ಫೋನ್ ನೋಡ್ತಾನ. ಚಟ್ನಿ ಅಂತ ಒಮ್ಮೆ ಸುಣ್ಣ ತಿಂದಾನ."

ಅಲ್ಲಿಂದ ಹಾಲಿನ ಸಂಗಪ್ಪನ ಮನೆ. ಗರಡಿಯ ಆಳು, ಇನ್ನೂ ಒಂಟಿ. ಅವನು ಮಾತು ಪೂರ್ತಿ ಕೇಳುವ ಮೊದಲೇ, "ನಂದ, ನಂದ!" ಎಂದು ತೊಡೆ ತಟ್ಟಿದ. "ಊಟದಾಗ ಹಾಡ್ತೀಯೇನು?" ಎಂದೆ. "ಹಾಡೂದ? ಕೇಳ್ರಿ ಇಲ್ಲಿ!" ಎಂದು ಚುರುಮುರಿ ಒಂದು ಹಿಡಿ ಬಾಯಿಗೆ ಸುರಿದುಕೊಂಡು ಲಾವಣಿ ಎತ್ತಿದ. ಎರಡನೆಯ ಸಾಲಿಗೆ ಚುರುಮುರಿ ಗಂಟಲಿಗೆ ಸಿಕ್ಕಿ ಕಣ್ಣು ಮೇಲಾದವು. ಮಾಸ್ತರರು ಅವನ ಬೆನ್ನಿಗೆ ಗುದ್ದಿ ಗುದ್ದಿ ಉಳಿಸಿದರು. ಸಂಗಪ್ಪ ನೀರು ಕುಡಿದು, "ನಂದಲ್ಲ ಬಿಡ್ರಿ. ಇದರಾಗ ಜೀವಕ್ಕ ಅಪಾಯ ಐತಿ" ಎಂದ.

ಆಮೇಲೆ ಸೈಕಲ್ ರಿಪೇರಿ ನಾಗಪ್ಪ ತನ್ನ ಮನೆಯ ಮುಂದಿನ ಅಂಗಡಿಯಲ್ಲಿ ಸಿಕ್ಕ. ಅವನಿಗೆ ಹೇಳುವ ಕಾರಣವೇ ಇರಲಿಲ್ಲ, ಮದುವೆಯಾದವನು. ಆದರೆ ಮಾಸ್ತರರು ಅಷ್ಟು ಹೊತ್ತಿಗೆ ಗಾಬರಿಯಾಗಿದ್ದರು, ಕಂಡಕಂಡವರಿಗೆ ಹೇಳತೊಡಗಿದ್ದರು. "ನನ್ನ ಒಪ್ಪಿಗಿ ಐತಿ" ಎಂಬಲ್ಲಿಗೆ ನಾಗಪ್ಪನ ಮುಖ ಅರಳಿತು. ಒಳಗಿನಿಂದ ಅವನ ಹೆಂಡತಿ, "ಯಾರದರೀ ಒಪ್ಪಿಗಿ?" ಎಂದಳು. ನಾಗಪ್ಪ ಪಂಪು ಎತ್ತಿಕೊಂಡು, ಗಾಳಿ ತುಂಬಿದ್ದ ಚಕ್ರಕ್ಕೇ ಮತ್ತೆ ಗಾಳಿ ಹೊಡೆಯಲು ಹತ್ತಿದ. ಅದು ಢಮ್ಮೆಂದಿತು.

ಬಿಸಿಲು ಇಳಿಯುತ್ತಿತ್ತು. ನಮ್ಮ ಹಿಂದೆ ಜನ ಕೂಡಿದ್ದರು. ಗಿರಣಿಯ ಹೆಂಗಸರು, ಕೆಮ್ಮುತ್ತಾ ಸಂಗಪ್ಪ, ಕೈಗೆ ಕೆಲಸವಿಲ್ಲದ ನಾಗಪ್ಪ. ಮಾಸ್ತರರ ದನಿ ಹೇಳಿ ಹೇಳಿ ಸವೆದಿತ್ತು. ಮೊದಲು ಚೆನ್ನಾಗಿ ಉಬ್ಬಿ ತಗ್ಗುತ್ತಿದ್ದ ಮಾತು ಈಗ ಬರೀ ತಗ್ಗುತ್ತಿತ್ತು.

"ನೀರಿಗೆ ಬಿಡೂಣ್ರಿ" ಎಂದರು ಕೊನೆಗೆ. "ಬಿಡೂದು ಅಂದ್ರ ನನಗ ಸಂಕಟ ಆಗ್ತೇತಿ ಅಕ್ಕಾರ. ಆ ಹೆಣ್ಮಗಳು ದೋಣಿ ನೋಡ್ಕೋತ ನಿಂತಿರ್ತಾಳ. ದೋಣಿಯಿಂದ ಯಾರೂ ಇಳಿಯೂದಿಲ್ಲ. ಅವ ಬ್ಯಾಡ ಅಂದ ಅಂತ ಮನಿಗೆ ಹೋಗ್ತಾಳ. ಅವನೋ ಪಾಪ, ಆಕಿ ಹೇಳಲೇ ಇಲ್ಲಂತ ಇಲ್ಲಿ ಕುಂತಿರ್ತಾನ." ಅವರ ಕಣ್ಣಲ್ಲಿ ನೀರು ಬಂದಿತ್ತು, ಯಾರೋ ಬೇರೆಯವನಿಗಾಗಿ.

ದೋಣಿಕಟ್ಟೆಗೆ ಹೋಗುವ ದಾರಿ ಕಸ್ತೂರೆವ್ವನ ಖಾನಾವಳಿಯ ಮುಂದೆಯೇ. ಆಕೆ ರಾತ್ರಿಯ ಊಟಕ್ಕೆ ಬದನೆಕಾಯಿಯ ಎಣಗಾಯಿ ಇಳಿಸಿ, ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಇದೇನು ಮೆರವಣಿಗಿ?" ಎಂದಳು. ಮಾಸ್ತರರಿಗೆ ಹೇಳುವ ಶಕ್ತಿ ಇರಲಿಲ್ಲ. ನಾನೇ ಹೇಳಿದೆ, ದನಿ ಸಮೇತ, ಮೊದಲಿನಿಂದ ಕೊನೆಯವರೆಗೆ.

ಕಸ್ತೂರೆವ್ವ ಸೆರಗು ಬಿಟ್ಟಳು. "ಊಟದಾಗ ಹಾಡಾವ್ನ ಹುಡುಕ್ಕೊಂತ ಊರೆಲ್ಲ ತಿರಗೀರೇನು? ಅವನ್ನ ಜೋಡಿ ಕರ್ಕೊಂಡು?"

"ಯಾರನ್ನ?" ಎಂದರು ಮಾಸ್ತರರು.

"ನಿಮ್ಮನ್ರೀ! ನೀವು ನನ್ನ ಖಾನಾವಳಿಯಾಗ ಉಣ್ಣಾಕತ್ತಿ ಎಷ್ಟು ವರ್ಷ ಆತು? ಎಣಗಾಯಿ ಚೊಲೊ ಆದ ದಿನ ದೊಡ್ಡದಾಗಿ ಹಾಡ್ತೀರಿ, ಬ್ಯಾಳಿ ಆದ ದಿನ ಸಣ್ಣಾಗಿ ಹಾಡ್ತೀರಿ. ಉಪ್ಪು ತಪ್ಪಿದ ದಿನ ಹಾಡೂದ ಇಲ್ಲ."

"ನಾನ?"

"ಹೌದ್ರಿ" ಎಂದು ಒಳಗೆ ಊಟಕ್ಕೆ ಕೂತಿದ್ದ ಬಸ್ಸಿನ ಡ್ರೈವರ್ ಕೂಗಿದ. "ಹೂಂ ಹೂಂ ಹೂಂ ಅಂತ, ಜೇನುನೊಣದಂಗ."

ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇಷ್ಟು ವರ್ಷದಾಗ ಒಬ್ಬರರ ಒಂದ ಮಾತು ಹೇಳಬಾರ್ದಿತ್ತೇನ್ರಿ?"

"ಹೇಳಿದ್ರ ನೀವು ನಿಲ್ಲಸ್ತಿದ್ರಿ" ಎಂದಳು ಕಸ್ತೂರೆವ್ವ. "ನೀವು ನಿಲ್ಲಸಿದ್ರ ಉಪ್ಪು ಬರೋಬ್ಬರಿ ಆಗೇತೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು? ಒಲಿ ಮುಂದ ನಿಂತು ನಿಂತು ನನ್ನ ನಾಲಿಗಿ ಸತ್ತು ಹೋಗೇತಿ. ನೀವು ಹಾಡಿದ ಮ್ಯಾಲ ನಾ ಉಳದಾವ್ರಿಗೆ ಬಡಸ್ತಿದ್ದೆ."

ಆದರೂ ಮಾಸ್ತರರು ಒಪ್ಪಲಿಲ್ಲ. ನಾಲ್ಕು ಮಂದಿ ಹೇಳಿದರು ಅಂತ ಇನ್ನೊಬ್ಬನ ಮಾತು ತೆಗೆದುಕೊಂಡು ದೋಣಿ ಹತ್ತಲೇ? ನಾಳೆ ಅವನು ಬಂದು ಮಾತುಗಳ್ಳ ಅಂದರೆ? ತನ್ನ ಕಿವಿಯಿಂದ ಕೇಳುವವರೆಗೂ ತಾನು ನಂಬುವುದಿಲ್ಲ ಎಂದರು. "ಹಂಗಾದ್ರ ಕುಂಡ್ರ್ರಿ" ಎಂದಳು ಕಸ್ತೂರೆವ್ವ. ತಾಟು ಇಟ್ಟು, ಬಿಸಿ ರೊಟ್ಟಿ, ಎಣಗಾಯಿ, ಮೇಲೆ ಬೆಣ್ಣೆ. ಜನವೆಲ್ಲ ಗೋಡೆಗೆ ಒತ್ತಿ ನಿಂತು ಉಸಿರು ಹಿಡಿದರು.

ಅಷ್ಟು ಜನ ಬಾಯನ್ನೇ ನೋಡುತ್ತಿದ್ದರೆ ಹಾಡು ಎಲ್ಲಿಂದ ಬರಬೇಕು? ಮಾಸ್ತರರು ಪರೀಕ್ಷೆಗೆ ಕೂತ ಹುಡುಗನ ಹಾಗೆ ನೆಟ್ಟಗೆ ಕೂತು, ತುತ್ತು ಮುರಿದು, ಅಗಿದು, ನುಂಗಿದರು. ಸದ್ದಿಲ್ಲ. ಮತ್ತೊಂದು ತುತ್ತು. ಸದ್ದಿಲ್ಲ. ಕಟ್ಟೆಯ ಕಡೆಯಿಂದ ದೋಣಿಯ ನಬಿಸಾಬ, "ಕಡೀ ದೋಣೀ! ಬರಾವ್ರು ಬರ್ರೀ!" ಎಂದು ಕೂಗಿದ. "ನೋಡಿದ್ರಿಲ್ಲ" ಎಂದರು ಮಾಸ್ತರರು ಸೋತ ದನಿಯಲ್ಲಿ, "ನಂದಲ್ಲ."

ನನಗೆ ಸಿಟ್ಟು ಬಂತು. ಎಲ್ಲರಿಗೂ ಆಚೆ ತಿರುಗಿ ನಿಲ್ಲಲು ಸನ್ನೆ ಮಾಡಿದೆ. ಅವರ ಎದುರು ಕೂತು, "ಅದಿರ್ಲಿ ಮಾಸ್ತರ್ರ, ಒಂದು ಕೇಳೂದೈತಿ. ಆ ಅಂಗನವಾಡಿ ಆನಿಗೆ ಬೂದು ಬಣ್ಣ ಯಾಕ ಹಚ್ಚೀರಿ? ಸತ್ತಂಗ ಕಾಣ್ತೇತಂತ ಜನಾ ಆಡ್ಕೊಂತಾರ" ಎಂದೆ. ಯಾರೂ ಹಾಗೆ ಅಂದಿರಲಿಲ್ಲ.

"ಸತ್ತಂಗ?" ಮಾಸ್ತರರು ತುತ್ತು ಹಿಡಿದೇ ಹಾರಿದರು. "ಅದು ಬರೇ ಬೂದು ಅಲ್ರೀ! ನೀಲಿ ಒಂದ ಹನಿ ಹಾಕೇನಿ, ಕೆಂಪು ಅರ್ಧ ಹನಿ. ಹೊಟ್ಟಿ ಕೆಳಗ ಹಳದಿ, ಯಾಕಂದ್ರ ನೆಲದ ಬೆಳಕು ಅಲ್ಲಿ ಬೀಳ್ತೇತಿ. ಬೆನ್ನಿನ ಮ್ಯಾಲ ಮುಗಿಲಿನ ಬಣ್ಣ. ಹುಡುಗೂರು ಅದನ್ನ ಮುಟ್ಟಿ ಮುಟ್ಟಿ ನೋಡ್ತಾವು, ಬೆಚ್ಚಗೈತೇನಂತ..." ಎನ್ನುತ್ತಾ ತುತ್ತು ಬಾಯಿಗೆ ಹಾಕಿಕೊಂಡರು. ಇನ್ನೊಂದು ಮುರಿದರು. ಬದನೆಕಾಯಿ ಒಡೆದು ಎಣ್ಣೆ ಹರಿಯಿತು, ಅದಕ್ಕೆ ರೊಟ್ಟಿ ಒತ್ತಿದರು. ಕಣ್ಣು ಎಲ್ಲೋ ಇತ್ತು, ಆನೆಯ ಬೆನ್ನಿನ ಮೇಲೆ.

ಆಗ ಬಂತು. ಮೂಗಿನಿಂದಲೋ ಗಂಟಲಿನಿಂದಲೋ, ಮೂರು ಸ್ವರ ಏರಿ ಎರಡು ಸ್ವರ ಇಳಿದು, ಮತ್ತೆ ಏರಿ. ರಾಗವಲ್ಲ, ತಾಳವಿಲ್ಲ. ಆದರೆ ಇಷ್ಟು ಸಮಾಧಾನದ ಸದ್ದನ್ನು ನಾನು ಮನುಷ್ಯರ ಬಾಯಿಂದ ಕೇಳಿದ್ದು ಕಡಿಮೆ. ಗೋಡೆಗೆ ಮುಖ ಮಾಡಿ ನಿಂತಿದ್ದ ಸಂಗಪ್ಪನ ಬೆನ್ನು ನಗೆ ತಡೆದು ಅಲುಗುತ್ತಿತ್ತು. ಕಸ್ತೂರೆವ್ವ ಸೌಟಿನಿಂದ ಪಾತ್ರೆಯ ಅಂಚಿಗೆ ಮೆಲ್ಲಗೆ ಬಡಿದಳು. "ಕೇಳಸ್ತೇನ್ರಿ ಮಾಸ್ತರ್ರ?"

ಹಾಡು ನಿಂತಿತು. ತುತ್ತು ಹಿಡಿದ ಕೈ ಮೀಸೆಯ ಹತ್ತಿರವೇ ಉಳಿಯಿತು.

"ಇದು ನಂದ ದನಿಯೇನು?"

"ನಿಮ್ಮದ."

"ಹಂಗಾದ್ರ ಆ ಮಾತು?"

"ಅದೂ ನಿಮ್ಮದ" ಎಂದೆ. "ಉಳದ ಮಾತು ಬ್ಯಾರೆಯವರ ಮನಿಗೆ ಬೀಳ್ತಾವು, ಇದೊಂದು ದಾರಿ ತಪ್ಪಿ ನಿಮ್ಮ ಮನಿಗೇ ಬಿದ್ದೇತಿ. ಏಳ್ರಿ!"

ಅವರು ಎದ್ದರು. ಎದ್ದು ನಿಂತವರು ಹಾಗೇ ಓಡಿದರು, ತಾಟು ಕೈಯಲ್ಲೇ. ನಾವೆಲ್ಲ ಹಿಂದೆ ಓಡಿದೆವು. ನಬಿಸಾಬ ಆಗಲೇ ಹಗ್ಗ ಬಿಚ್ಚಿ ಕೋಲು ಊರಿದ್ದ. ಸಂಗಪ್ಪ ಮೊಣಕಾಲುದ್ದ ನೀರಿಗೆ ಇಳಿದು ದೋಣಿಯ ಅಂಚು ಹಿಡಿದು ನಿಲ್ಲಿಸಿದ. ಮಾಸ್ತರರನ್ನು ಹಾಲಿನ ಕ್ಯಾನಿನಂತೆ ಎತ್ತಿ ಒಳಗಿಟ್ಟ.

"ಊಟಾ ದೋಣ್ಯಾಗ ಮಾಡ್ತೀರೇನ್ರಿ?" ಎಂದ ನಬಿಸಾಬ.

ಆಗ ಅವರಿಗೆ ಕೈಯಲ್ಲಿದ್ದ ತಾಟು ಕಂಡಿತು. ಬಗ್ಗಿ ಅದನ್ನು ಕಸ್ತೂರೆವ್ವನ ಕೈಗೆ ಕೊಟ್ಟರು. ಕೊಡುವಾಗ ಅವರ ಮುಖ ಮತ್ತೆ ಬಾಡಿತು. "ತಾಯಿ, ಒಂದು ಪೇಚಾತಲ್ರೀ. ಆಕಿ ಅದೊಂದು ಬಿಡಬ್ಯಾಡ್ರಿ ಅಂದಾಳ. ಇಷ್ಟ ದಿನಾ ಗೊತ್ತಿಲ್ದ ಬರ್ತಿತ್ತು. ಈಗ ಗೊತ್ತಾಗಿಬಿಟ್ತಲ್ಲ. ಇನ್ನ ಬರ್ತೇತೇನು?"

"ಆಕಿ ಅಡಿಗಿ ಚೊಲೊ ಇದ್ರ ತಾನ ಬರ್ತೇತಿ ಹೋಗ್ರಿ" ಎಂದಳು ಕಸ್ತೂರೆವ್ವ. "ಬರ್ಲಿಲ್ಲಂದ್ರ ಆಕೀನ್ನೂ ಕರ್ಕೊಂಡು ಇಲ್ಲಿಗೇ ಉಣ್ಣಾಕ ಬರ್ರಿ."

ಸಂಗಪ್ಪ ದೋಣಿಯನ್ನು ತಳ್ಳಿದ. ಅದು ನೀರಿಗೆ ಜಾರಿತು. ಜನ ಒಬ್ಬೊಬ್ಬರೇ ಮನೆಯ ಕಡೆ ತಿರುಗಿದರು. ಕಸ್ತೂರೆವ್ವ ಮಾತ್ರ ತಾಟು ಹಿಡಿದು ನೀರಿನಂಚಿನಲ್ಲೇ ನಿಂತಿದ್ದಳು. ಅದರಲ್ಲಿ ಅರ್ಧ ರೊಟ್ಟಿ, ಸ್ವಲ್ಪ ಎಣಗಾಯಿ ಉಳಿದಿತ್ತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು, ಉಪ್ಪು ತಿಳಿಯದೆ ತಲೆ ಅಲ್ಲಾಡಿಸಿದಳು. ಆಮೇಲೆ ತಾಟನ್ನು ನನ್ನ ಕಡೆಗೆ ಹಿಡಿದಳು.